ಮಾವನವರ ಹಲ್ಲಿನ ತೀರ್ಪು

ನಮ್ಮ ಮಾವನವರು ನನ್ನನ್ನು ಸೊಸೆಯಾಗಿ ಒಪ್ಪಿದ್ದು ನನ್ನ ಮುಖ ನೋಡಿ ಅಲ್ಲ, ಗುಣ ವಿಚಾರಿಸಿಯೂ ಅಲ್ಲ. ನಮ್ಮಪ್ಪನ ಭತ್ತ ಕಚ್ಚಿ ನೋಡಿ! ನಗಬೇಡಿ, ಆಣೆ ಮಾಡಿ ಹೇಳುತ್ತೇನೆ. ಸೊರಬ ತಾಲೂಕಿನ ಹೊಸಬಾಳೆ ನನ್ನ ತವರು. ಶಿಕಾರಿಪುರದಿಂದ ಹೆಣ್ಣು ನೋಡಲು ಬಂದ ಈ ಮಹಾನುಭಾವರು ಉಪ್ಪಿಟ್ಟಿನ ತಟ್ಟೆ ದಾಟಿ, ತಟ್ಟೆ ಹಿಡಿದು ನಿಂತಿದ್ದ ನನ್ನನ್ನೂ ದಾಟಿ, ಪಡಸಾಲೆಯ ಮೂಲೆಯಲ್ಲಿ ಒಟ್ಟಿದ್ದ ಚೀಲಗಳ ಹತ್ತಿರ ಹೋದರು. ಒಂದು ಭತ್ತ ತೆಗೆದು, ಉಗುರಿನಿಂದ ಸುಲಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಮೆಲ್ಲಗೆ ಕಚ್ಚಿದರು.

“ಎರಡು ಬಿಸಿಲು ಕಡಿಮಿ ಆಗೈತಿ,” ಅಂದರು.

ಅಪ್ಪನ ಮುಖ ಕೆಂಪಾಯಿತು. “ನಮ್ಮನೆ ಭತ್ತಕ್ಕೆ ಇವತ್ತಿನವರೆಗೂ ಯಾರೂ ಹಿಂಗೆ ಅಂದಿಲ್ಲ ಕಣ್ರೀ!”

“ಹಸಿ ಭತ್ತಾನ ಹಸಿ ಅನ್ನೋರು ನಿಮ್ಮೂರಾಗ ಇಲ್ಲೇನ್ರೀ ಹಂಗಾರೆ?”

ಸಂಬಂಧ ಅಲ್ಲಿಗೇ ಮುರಿದುಬೀಳುವುದರಲ್ಲಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! “ಅಪ್ಪಾಜಿ, ಮೋಡ ಆತು ಅಂತ ಮೊನ್ನೆ ಗಡಿಬಿಡಿಲಿ ತುಂಬಿದ್ವಲ್ಲ,” ಅಂದುಬಿಟ್ಟೆ. ಅಮ್ಮ ಹಿಂದಿನಿಂದ ತೋಳು ಚಿವುಟಿದಳು. ಮಾವನವರು ಆಗ ಮೊದಲ ಸಲ ನನ್ನ ಕಡೆ ತಿರುಗಿದರು. “ಈ ಹುಡುಗಿ ನಮ್ಮನಿಗೆ ಬರ್ಲಿ. ಖರೆ ಹೇಳ್ತಾಳೆ.” ಹುಡುಗನನ್ನು ಯಾರೂ ಒಂದು ಮಾತು ಕೇಳಲೇ ಇಲ್ಲ.

ಶಿಕಾರಿಪುರದಲ್ಲಿ ಅವರದು ಮೆಕ್ಕೆಜೋಳ ಕೊಳ್ಳುವ ಅಂಗಡಿ, ತಾಳಗುಂದದ ಹತ್ತಿರ ಹೊಲ. ಬೆಳಿಗ್ಗೆ ರೈತ, ಹತ್ತು ಗಂಟೆಯ ಮೇಲೆ ವ್ಯಾಪಾರಿ, ಮನೆಯಲ್ಲಿ ಹದಿನಾಲ್ಕು ಜನರ ಯಜಮಾನ. ಮೂರಕ್ಕೂ ಒಂದೇ ಆಯುಧ, ಹಲ್ಲು. ಒಣಗಿದ ಕಾಳು ಕಟ್ ಎಂದು ಒಡೆಯುತ್ತದೆ, ಹಸಿಯದು ಮೆತ್ತಗೆ ಜಜ್ಜಿಕೊಳ್ಳುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇವರು ಮಾತ್ರ ಕಚ್ಚಿದ ಕೂಡಲೇ ತೇವ ಎಷ್ಟಿದೆ ಅಂತ ಅಂಕಿಯನ್ನೇ ಹೇಳುತ್ತಿದ್ದರು. ನಮ್ಮ ಯಜಮಾನರು ಅವರಪ್ಪನಿಗೆ ತಿಳಿಯದ ಹಾಗೆ ತೇವ ಅಳೆಯುವ ಮಿಷನ್ ತರಿಸಿದರು. ಮಾವ ಹದಿನಾಲ್ಕು ಅಂದರು, ಮಿಷನ್ ಹದಿನಾರು ತೋರಿಸಿತು. “ಅದರ ಸೆಲ್ಲು ಮುಗದೈತಿ, ಬ್ಯಾರೆ ಹಾಕು,” ಅಂದರು. ಹೊಸ ಸೆಲ್ಲು ಹಾಕಿದರೆ ಹದಿನಾಲ್ಕು! ಅವತ್ತಿನಿಂದ ಆ ಮಿಷನ್ನಿನ ಪೆಟ್ಟಿಗೆ ಮಾವನ ಚಹಾ ಲೋಟ ಇಡುವ ಮಣೆಯಾಯಿತು.

ಹಸಿ ಅಂದಮೇಲೆ ಕೈಬಿಡುವ ಪೈಕಿಯೂ ಅಲ್ಲ ಇವರು. “ಇಷ್ಟು ದೂರ ಹೇರ್ಕೊಂಡು ಬಂದೀಯ, ವಾಪಸ್ ಯಾಕ ಒಯ್ತೀಯಪ್ಪಾ? ಇಲ್ಲೇ ಹರವು,” ಎಂದು ನಮ್ಮ ಅಂಗಳವನ್ನೇ ಬಿಟ್ಟುಕೊಡುತ್ತಿದ್ದರು. ಜೋಳ ಒಣಗುವ ತನಕ ರೈತನಿಗೆ ನಮ್ಮಲ್ಲೇ ಊಟ. ಅಂಗಳ ಅವರದು, ಸರಿ. ರೊಟ್ಟಿ ಬಡಿಯುವ ಕೈ ಯಾರದು? ಸುಗ್ಗಿಯಲ್ಲಿ ನಾನು ಬಡಿದ ರೊಟ್ಟಿಗೆ ಲೆಕ್ಕವಿಟ್ಟವನು ಆ ಶಿವನೊಬ್ಬನೇ. ಬೈದುಕೊಂಡೇ ಬಡಿದೆ, ಸುಳ್ಳೇಕೆ!

ಹೀಗೆ ಕಚ್ಚಿ ಕಚ್ಚಿ ಎಂಬತ್ತರ ಹೊತ್ತಿಗೆ ಬಾಯಲ್ಲಿ ಉಳಿದದ್ದು ಏಳು ಹಲ್ಲು. ಅವೂ ಅಲ್ಲಾಡತೊಡಗಿದವು. ಆ ಬೇಸಿಗೆಯಲ್ಲಿ ಶಿವಮೊಗ್ಗದ ತಂಗಿ ಮನೆಗೆ ಎಂದು ನೆಪ ಹೇಳಿ ನನ್ನನ್ನು ಜೊತೆಗೆ ಕರೆದುಕೊಂಡು ಎರಡು ಸಲ ಹೋದರು. ಏಳನ್ನೂ ಕೀಳಿಸಿ ಹಲ್ಲಿನ ಸೆಟ್ ಹಾಕಿಸಿಕೊಂಡು ಬಂದರು. ಮನೆಯಲ್ಲಿ ಗುಟ್ಟು ತಿಳಿದವಳು ನಾನೊಬ್ಬಳೇ. ಉಳಿದವರಿಗೆ ಗೊತ್ತಾಗಲಿಲ್ಲವೇ ಎನ್ನುತ್ತೀರಾ? ನಮ್ಮ ಯಜಮಾನರು ಅವರಪ್ಪನನ್ನೇ ದಿಟ್ಟಿಸಿ ನೋಡಿ, “ಪೇಸ್ಟ್ ಬದಲಾಯಿಸಿದ್ರೇನಪ್ಪಾ?” ಎಂದು ಕೇಳಿದರು. ಇಂಥವರ ಜೊತೆ ನನ್ನ ಸಂಸಾರ!

ಕಾರ್ತಿಕದಲ್ಲಿ ಜೋಳದ ಟ್ರ್ಯಾಕ್ಟರುಗಳು ಬರತೊಡಗಿದವು. ಮೊದಲ ದಿನವೇ ಮಾವ ಅಂಗಡಿಯ ಒಳಕೋಣೆಗೆ ನನ್ನನ್ನು ಕರೆದರು. ಅಂಗಡಿಯ ಬಿಲ್ ಬರೆಯುವವಳು ನಾನು. ಹೋಗಿ ನೋಡಿದರೆ ಅಂಗೈಯಲ್ಲಿ ನಾಲ್ಕು ಕಾಳು ಹಿಡಿದುಕೊಂಡು ಮಕ್ಕಳ ಹಾಗೆ ನಿಂತಿದ್ದಾರೆ.

“ಈ ಸೆಟ್ಟು ಕಡಿತೈತವ್ವಾ, ಆದ್ರ ಏನೂ ಹೇಳಂಗಿಲ್ಲ,” ಅಂದರು. “ಒಣಗಿದ್ದೂ ಒಂದೇ, ಹಸೀದೂ ಒಂದೇ.”

“ಹಂಗಾರೆ ಮಿಷನ್ ತೆಗೀತೀನಿ ಮಾವ.”

“ಐವತ್ತು ವರ್ಷ ನನ್ನ ಮಾತಿನ ಮ್ಯಾಲೆ ಚೀಲ ಹೊಲಿದಾರೆ. ಈ ಒಂದು ಸುಗ್ಗಿ ದಾಟ್ಲಿ. ಯಾರಿಗೂ ಹೇಳಬ್ಯಾಡ, ನಿನ್ನ ಗಂಡಗೂ ಬ್ಯಾಡ.”

ಖರೆ ಹೇಳುತ್ತಾಳೆ ಅಂತ ಮನೆಗೆ ತಂದ ಸೊಸೆಯ ಕೈಲೇ ಸುಳ್ಳಿನ ಗಂಟು! ಏನು ಮಾಡಲಿ? ಹೂಂ ಅಂದೆ.

ಅವತ್ತಿನಿಂದ ಶುರುವಾಯಿತು ನೋಡಿ ನನ್ನ ಪಾಡು. ಮಾವ ಮೊದಲಿನ ಹಾಗೇ ಕಾಳು ಬಾಯಿಗೆ ಹಾಕುತ್ತಾರೆ, ಕಣ್ಣು ಮುಚ್ಚುತ್ತಾರೆ, ಬಂದವರಿಗೆಲ್ಲ “ಒಣಗೈತಿ, ಹಾಕು” ಅನ್ನುತ್ತಾರೆ. ಅದೂ ಎಂಥ ವರ್ಷ! ಆಕಾಶದಲ್ಲಿ ದಿನಾ ಮೋಡ, ದಿನ ಬಿಟ್ಟು ದಿನ ತುಂತುರು. ಹಸಿ ಜೋಳ ಚೀಲದಲ್ಲಿ ಕೂತರೆ ಒಳಗೊಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಒಂದು ಚೀಲ ಕೆಟ್ಟರೆ ಪಕ್ಕದ ನಾಲ್ಕನ್ನು ಕೆಡಿಸುತ್ತದೆ. ಕೆಟ್ಟರೆ ಮಾವನ ಐವತ್ತು ವರ್ಷದ ಮಾತು ಒಂದೇ ದಿನಕ್ಕೆ ಮಣ್ಣುಪಾಲು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು ನಾನು!

ಒಂದು ದಿನ ತಾಳಗುಂದದ ಬಸಣ್ಣ ಜೋಳ ತಂದ. ವರ್ಷಗಳಿಂದ ನಮಗೇ ಹಾಕುವ ರೈತ. ಮಾವ ಚೀಲದ ಬಾಯಿಗೆ ಬಗ್ಗಿ ಹುರುಪಿನಲ್ಲಿ ಕಾಳು ಕಡಿದರು. ಮೇಲಿನ ಸೆಟ್ ಕಳಚಿ ದಬಕ್ಕನೆ ಚೀಲದೊಳಗೆ! ಮಾವ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮತೊಡಗಿದರು. ನಾನು ಮಾದರಿ ತೆಗೆಯುವವಳ ಹಾಗೆ ಮೊಣಕೈವರೆಗೆ ಕೈ ಹಾಕಿ, ಹುಡುಕಿ, ಸೆರಗಿನಲ್ಲಿ ಸುತ್ತಿ ಎತ್ತಿಕೊಂಡೆ. ಬಸಣ್ಣ ಎಲ್ಲಿ ನೋಡುತ್ತಿದ್ದ ಗೊತ್ತೇ? ಆಕಾಶ! “ಮೋಡ ಭಾಳ ಕಟ್ಟೈತ್ರೀ ಅಕ್ಕಾರೆ,” ಅಂದ. ಸದ್ಯ, ಶಿವ ಕಾಪಾಡಿದ ಅಂದುಕೊಂಡೆ.

ಗೋದಾಮು ತುಂಬಿತು. ನಮ್ಮಿಂದ ಕೊಳ್ಳುವವರು ಇವತ್ತು ಲಾರಿ, ನಾಳೆ ಲಾರಿ ಅಂತ ಸಂಕ್ರಾಂತಿಯನ್ನೂ ದಾಟಿಸಿದರು. ನಾನು ದಿನಕ್ಕೆರಡು ಸಲ ಏನಾದರೂ ನೆಪ ಮಾಡಿಕೊಂಡು ಹೋಗಿ ಚೀಲಗಳ ಸಂದಿಗೆ ಕೈ ತೂರಿಸುತ್ತಿದ್ದೆ. ಕೈಗೆ ಎಟುಕುವ ಚೀಲಗಳು ತಣ್ಣಗಿವೆ, ಸರಿ. ಅಡಿಯಲ್ಲಿರುವವು? ಮಾವನಿಗಂತೂ ಊಟ ಸೇರದಾಯಿತು. ಅನ್ನದ ಮುಂದೆ ಕೂತು, ಎದುರಿಗೆ ಮಗನಿದ್ದಾನೆಂದು ಬಾಯಿಬಿಟ್ಟು ಕೇಳಲಾರದೆ, ಬರೀ ಹುಬ್ಬು ಎತ್ತಿ ನನ್ನನ್ನು ಕೇಳುತ್ತಿದ್ದರು. ಇನ್ನೂ ಬಿಸಿಯಾಗಿಲ್ಲ ಎಂದು ನಾನು ತಲೆ ಅಲ್ಲಾಡಿಸುತ್ತಿದ್ದೆ. ನಮ್ಮಿಬ್ಬರನ್ನು ನೋಡಿ ಅತ್ತೆಯವರು, “ಏನು, ಮಾವ-ಸೊಸೆ ಮೂಕರ ಶಾಲಿಗೆ ಸೇರೀರೇನು?” ಎಂದು ಗದರಿದರು.

ಕೊನೆಗೂ ಲಾರಿ ಬಂತು. ಮಾವ ಗೋದಾಮಿಗೆ ಬರಲಿಲ್ಲ, ಮನೆಯ ಜಗಲಿಯಲ್ಲೇ ಕೂತರು. ಹಮಾಲರು ಮೇಲಿನ ಸಾಲು ಇಳಿಸಿದರು. ಚೆನ್ನಾಗಿತ್ತು. ನಡುವಿನ ಸಾಲು ಇಳಿಸಿದರು. ಅದೂ ಚೆನ್ನಾಗಿತ್ತು. ಅಡಿಯ ಸಾಲಿಗೆ ಬಂದಾಗ ತಡೆಯಲಾರದೆ ನಾನೇ ಒಂದು ಚೀಲದ ಹೊಲಿಗೆ ಬಿಚ್ಚಿ ಬುಡದವರೆಗೂ ಕೈ ಇಳಿಸಿದೆ. ತಣ್ಣಗೆ, ಗಲಗಲ ಎನ್ನುವ ಕಾಳು! ಇನ್ನೊಂದು ಬಿಚ್ಚಿದೆ. ಅದೂ ಹಾಗೇ. ಒಂದು ಕಾಳು ನಾನೇ ಕಚ್ಚಿದೆ. ಕಟ್!

ಅಂಥ ಮೋಡದ ವರ್ಷದಲ್ಲಿ ಇದು ಹೇಗೆ ಸಾಧ್ಯ? ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಬಸಣ್ಣನನ್ನೇ ಕೇಳಿದೆ. ಅವನು ತಲೆ ಕೆರೆದುಕೊಂಡ.

“ಯಜಮಾನ್ರ ಹಲ್ಲು ಚೀಲಕ್ಕ ಬಿದ್ದಿದ್ದು ನಾ ನೋಡ್ದೆ ಅಕ್ಕಾರೆ. ಅವತ್ತು ನನ್ನ ಜ್ವಾಳ ಹಸಿ ಇತ್ತು, ಆದ್ರೂ ಒಣಗೈತಿ ಅಂತ ತಗೊಂಡ್ರಿ. ನಿಮ್ಮ ಹಮಾಲ್ರಿಗೆ ಹೇಳಿ ಆ ಚೀಲ ವಾಪಸ್ ಒಯ್ದು, ಒಣಗ್ಸಿ ತಂದು ಹಾಕಿದೆ. ಆಮ್ಯಾಲೆ ನಮ್ಮೂರು, ಬಂದಳಿಕೆ, ಎಲ್ಲಾ ಕಡಿ ಹೇಳಿಬಿಟ್ಟೆ. ಎರಡು ಬಿಸಿಲು ಹೆಚ್ಚಿಗಿ ಕೊಟ್ಟೇ ತರ್ರಿ, ಯಜಮಾನ್ರ ಮಾತು ಸುಳ್ಳಾಗಬಾರ್ದು ಅಂತ. ಅದಕ್ಕೂ ಮೊದ್ಲು ಹಾಕಿದ್ದೋರೂ ತಮ್ಮ ಚೀಲ ಒಯ್ದು ಒಣಗ್ಸಿ ತಂದ್ರು.”

“ಬಿಸಿಲೇ ಇರಲಿಲ್ಲವಲ್ಲೋ ಬಸಣ್ಣ!”

“ಅದಕ್ಕೇ ಮತ್ತ. ದಿನಕ್ಕ ಹತ್ತು ಸಲ ಟಾರ್ಪಾಲ್ ಹಾಕಿ ಹತ್ತು ಸಲ ತೆಗದೀವಿ. ನಮ್ಮಪ್ಪನ ಕಾಲದಿಂದ ನಿಮ್ಮ ಅಂಗಳದಾಗ ಒಣಗ್ಸಿ ನಿಮ್ಮನಿ ಊಟ ಉಂಡೀವ್ರೀ. ಇಷ್ಟೂ ಮಾಡಬಾರ್ದೇನು?”

ನಾನು ಮೊದಲು ನಕ್ಕೆ. ಆಮೇಲೆ ಹಮಾಲರ ಎದುರಿಗೇ ಅತ್ತುಬಿಟ್ಟೆ. ನಮ್ಮ ಯಜಮಾನರು, “ಜ್ವಾಳ ಚೆನ್ನಾಗಿದ್ರೆ ಅಳೋದ್ಯಾಕೆ?” ಎಂದು ಕೇಳಿದರು. ಅವರಿಗೆ ಆಗಲೂ ಏನೂ ಗೊತ್ತಿಲ್ಲ!

ಮನೆಗೆ ಓಡಿದೆ. ಮಾವ ಸೆಟ್ ತೆಗೆದಿಟ್ಟು, ಕುಳಿಬಿದ್ದ ಕೆನ್ನೆಯಲ್ಲಿ ಕಾಯುತ್ತಿದ್ದರು. “ಹೆಂಗೈತವ್ವಾ?” ಎಂದು ಕೇಳಿದರು. ನಿಮ್ಮ ಮಾತು ಗೆದ್ದಿತು ಮಾವ ಎಂದು ಹೇಳಿ ಮುಗಿಸಬಹುದಿತ್ತು. ಮನಸ್ಸು ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. “ಯಾರ್ಯಾರವ್ವಾ?” ಎಂದು ಕೇಳಿದರು. ಬಸಣ್ಣನಿಂದ ತಿಳಿದಷ್ಟು ಹೆಸರು ಹೇಳಿದೆ. ಒಂದೊಂದು ಹೆಸರಿಗೂ ತಲೆಯಾಡಿಸಿದರು. “ಸೋಮವಾರ ಅವರನ್ನೆಲ್ಲಾ ಊಟಕ್ಕ ಕರೀರಿ. ಬಡ್ಸೋನು ನಾನು.”

ಮಾವನವರು ಆ ಮಳೆಗಾಲ ಕಾಣಲಿಲ್ಲ. ಅವರು ಹೋಗಿ ಮೂರು ವರ್ಷವಾಯಿತು. ಅವರನ್ನು ನೆನೆದಾಗೆಲ್ಲ ನನಗೆ ಕಾಣುವುದು ಆ ಸೋಮವಾರವೇ. ಹಲ್ಲಿನ ಸೆಟ್ ಹಾಕಿಕೊಳ್ಳದೆ, ಬೊಚ್ಚುಬಾಯಿಯಲ್ಲೇ ಎಲ್ಲರ ಮುಂದೆ ಬಂದು, ಹೋಳಿಗೆಯ ಬುಟ್ಟಿಯನ್ನು ಕಂಕುಳಲ್ಲಿ ಹಿಡಿದು ಸಾಲಾಗಿ ಬಡಿಸುತ್ತ ಹೋದರು. ಒಂದು ಹೋಳಿಗೆ ಹಾಕುವಲ್ಲಿ ಎರಡು ಬೀಳುತ್ತಿದ್ದವು. ಅಂಗಳದ ತುಂಬ ಕೂತಿದ್ದ ಅಷ್ಟು ಜನರಲ್ಲಿ ಒಬ್ಬರೂ ಎಲೆಗೆ ಕೈ ಅಡ್ಡ ಹಿಡಿದು ಸಾಕು ಅನ್ನಲಿಲ್ಲ.