ಗಾಡಿ ನನ್ನದು, ಕೀ ಅಣ್ಣನದು

ಹಿತ್ತಲಲ್ಲಿ ನಿಂತಿದ್ದ ಹಳೇ ಪಿಕಪ್ ಗಾಡಿಯನ್ನು ಓಡಿಸಿಯೇ ತೀರುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಬೆಡ್‌ಶೀಟು ಹಿಂಡುತ್ತಿದ್ದಳು. ಅದೇನು ಸಾಮಾನ್ಯ ಘೋಷಣೆಯಲ್ಲ. ಎದೆಯುಬ್ಬಿಸಿ, ಸ್ಪ್ಯಾನರ್ ಹಿಡಿದ ಕೈಯನ್ನು ಮೇಲೆತ್ತಿ, ದಂಡೆತ್ತಿ ಹೊರಟ ಸೇನಾಪತಿಯ ಗತ್ತಿನಲ್ಲಿ ಹೇಳಿದ್ದೆ. ಅವಳು ತಲೆ ಕೂಡ ಎತ್ತಲಿಲ್ಲ.

"ಓಡಿಸಿ. ಅದಕ್ಕೂ ಮೊದ್ಲು ಒಳಗಿರೋ ಬೆಕ್ಕನ್ನ ಓಡಿಸಿ. ಸೀಟಿನ ಮೇಲೆ ಮರಿ ಹಾಕಿದೆ," ಎಂದಳು.

ಈ ಮನೆಯಲ್ಲಿ ನನ್ನ ಮಾತಿಗೆ ಇರುವ ಬೆಲೆ ಇಷ್ಟು.

ಗಾಡಿ ಯಾಕೆ ನಿಂತಿತು ಎಂಬುದನ್ನು ಹೇಳಿಬಿಡುತ್ತೇನೆ. ಕೇಳಿ ನೀವೇ ನ್ಯಾಯ ಹೇಳಿ. ನಾನೂ ನನ್ನ ಅಣ್ಣನೂ ಸೇರಿ ಮಂಚ, ಬೀರು, ಮೇಜು ಮಾರುವ ಅಂಗಡಿ ನಡೆಸುತ್ತಿದ್ದೆವು. ಮಾಲು ಸಾಗಿಸಲು ಈ ಗಾಡಿ. ಒಂದು ದಿನ ದೊಡ್ಡ ಮನೆಯೊಂದಕ್ಕೆ ಡ್ರೆಸ್ಸಿಂಗ್ ಟೇಬಲ್ ಒಯ್ಯುವಾಗ ಅದರ ಕನ್ನಡಿ ಒಡೆಯಿತು. ನಾನು ಗಾಡಿ ಓಡಿಸಿದ ರೀತಿಗೇ ಒಡೆಯಿತು ಎಂದು ಅಣ್ಣ ಹೇಳಿದ. ಅವನು ಕಟ್ಟಿದ ಹಗ್ಗ ಸಡಿಲವಿದ್ದದ್ದಕ್ಕೆ ಒಡೆಯಿತು ಎಂದು ನಾನು ಹೇಳಿದೆ. ಅಂದಿನಿಂದ ಇಂದಿನವರೆಗೆ ಈ ವಿಷಯ ಇತ್ಯರ್ಥವಾಗಿಲ್ಲ. ಅಂಗಡಿ ಮಾತ್ರ ಎರಡಾಯಿತು.

ಪಾಲು ಮಾಡಲು ನಮ್ಮ ಸೋದರಮಾವ ಬಂದರು. ದೊಡ್ಡ ಬೀದಿಯ ಅಂಗಡಿ ಅಣ್ಣನಿಗೆ, ಮನೆ ಹಿಂದಿನ ವರ್ಕ್‌ಶಾಪ್ ಮತ್ತು ಅಂಗಳ ನನಗೆ ಎಂದಾಯಿತು. ಗಾಡಿಯ ವಿಷಯ ಬಂದಾಗ ಮಾವ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಆಮೇಲೆ, "ಗಾಡಿ ಇವನ ಅಂಗಳದಲ್ಲಿ ಇರ್ಲಿ, ಕೀ ಅವನ ಜೇಬಲ್ಲಿ ಇರ್ಲಿ. ಬೇಕಾದಾಗ ಒಬ್ಬರನ್ನೊಬ್ಬರು ಕೇಳ್ಕೊಳ್ಳಿ. ಆ ನೆಪದಲ್ಲಾದ್ರೂ ಮಾತಾಡ್ತೀರಿ," ಎಂದರು.

ಪಾಪ, ಮಾವನಿಗೆ ನಮ್ಮ ಹಠದ ಅಳತೆ ಗೊತ್ತಿರಲಿಲ್ಲ. ಕೀ ಕೊಡು ಎಂದು ನಾನು ಕೇಳಲಿಲ್ಲ. ಗಾಡಿ ಕೊಡು ಎಂದು ಅವನೂ ಕೇಳಲಿಲ್ಲ. ವರ್ಷಗಟ್ಟಲೆ ಗಾಡಿ ನಿಂತಲ್ಲೇ ನಿಂತು ತುಕ್ಕು ಹಿಡಿಯಿತು. ನನ್ನ ಹಠ ಮಾತ್ರ ಹೊಸದರಂತೆ ಫಳಫಳ ಹೊಳೆಯುತ್ತಿತ್ತು. ಅಣ್ಣನ ಅಂಗಡಿ ಇರುವ ಬೀದಿಗೆ ಕಾಲಿಡುವುದಿಲ್ಲ ಎಂದು ನಾನು ಶಪಥ ಮಾಡಿದ್ದೆ. ಬ್ಯಾಂಕಿಗೆ ಹೋಗಬೇಕಾದರೂ ಊರು ಸುತ್ತಿ, ಚರಂಡಿ ಹಾರಿ ಹೋಗುತ್ತಿದ್ದೆ. ಅವನ ಸುದ್ದಿ ಯಾರಾದರೂ ಎತ್ತಿದರೆ ಎದ್ದು ಹೊರಟುಬಿಡುತ್ತಿದ್ದೆ. ಕೊನೆಗೆ ಎಲ್ಲರೂ ಎತ್ತುವುದನ್ನೇ ಬಿಟ್ಟರು. ನನ್ನ ಶಿಸ್ತು ಅಂಥದ್ದು.

ಹೀಗಿರುವಾಗ ಒಂದು ಹಾಸ್ಟೆಲ್ಲಿನಿಂದ ಮಂಚಗಳ ಆರ್ಡರ್ ಬಂತು. ಹಾಸ್ಟೆಲ್ಲಿಗೆ ಹೋಗುವ ದಾರಿ ಅಣ್ಣನ ಅಂಗಡಿಯ ಮುಂದೆಯೇ! ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಬಾಡಿಗೆ ಗಾಡಿ ಯಾಕೆ? ಅದೇ ಹಳೇ ಪಿಕಪ್ಪಿನಲ್ಲಿ, ನಾನೇ ಮಾಡಿದ ಮಂಚಗಳನ್ನು ಗೋಪುರದಂತೆ ಪೇರಿಸಿಕೊಂಡು, ಅವನ ಅಂಗಡಿಯ ಮುಂದೆ ಬಸವನಹುಳುವಿನ ವೇಗದಲ್ಲಿ ಹಾರನ್ ಒತ್ತುತ್ತ ಹೋಗಬೇಕು. ಅವನು ಹೊರಗೆ ಬಂದು ನೋಡಬೇಕು. ಅವನ ಹೊಟ್ಟೆ ಉರಿಯಬೇಕು. ನನ್ನ ಶಪಥ ಕಾಲಿಡುವುದಿಲ್ಲ ಎಂದಷ್ಟೇ ಇತ್ತು, ಚಕ್ರದ ಬಗ್ಗೆ ಏನೂ ಇರಲಿಲ್ಲ.

"ಆ ಬೀದಿಗೆ ಹೋಗಿ ಈಗ ಏನ್ ಮಾಡ್ತೀರಿ?" ಎಂದು ಹೆಂಡತಿ ಕೇಳಿದಳು.

"ಮಾಡೋದೇನು, ಮಂಚ ಸಾಗಿಸ್ತೀನಿ."

"ಹಾಗಾದ್ರೆ ಭಾವನ ಹತ್ರ ನಾನೇ ಹೋಗಿ ಕೀ ತರ್ತೀನಿ."

"ಕೀ ತಂದ್ಯೋ, ಈ ಮನೇಲಿ ನಾನಿರಲ್ಲ."

ಅವಳು ಒಂದು ಕ್ಷಣ ನಿಂತು ಯೋಚಿಸಿದಳು. ಆ ಒಂದು ಕ್ಷಣ ನನಗೆ ಹಿಡಿಸಲಿಲ್ಲ.

ಕೀ ಇಲ್ಲದೆಯೇ ಗಾಡಿ ಎಬ್ಬಿಸುವ ವಿದ್ಯೆಯನ್ನು ನಾನು ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಯಾವುದೋ ದೇಶದ ಗಡ್ಡದವನೊಬ್ಬ, ಪೊದೆಯೊಳಗೆ ಮುಳುಗಿದ್ದ ಪಿಕಪ್ಪನ್ನು ಹೊರಗೆಳೆದು, ಅದಕ್ಕೆ ಏನೋ ಕುಡಿಸಿ, ಏನೋ ಬಿಗಿದು, ಎರಡು ವೈರು ತಾಗಿಸಿ ಓಡಿಸಿಕೊಂಡು ಹೋಗಿಬಿಡುತ್ತಾನೆ. ಅವನ ಭಾಷೆ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅವನ ಆತ್ಮವಿಶ್ವಾಸ ಮಾತ್ರ ಚೆನ್ನಾಗಿ ತಿಳಿಯಿತು. ಅದನ್ನೇ ಪೂರ್ತಿಯಾಗಿ ಇಳಿಸಿಕೊಂಡೆ.

ವಾರವೆಲ್ಲ ಕೆಲಸ ನಡೆಯಿತು. ಬೆಕ್ಕನ್ನೂ ಮರಿಗಳನ್ನೂ ಡಬ್ಬಕ್ಕೆ ವರ್ಗಾಯಿಸಿದೆ. ಟ್ಯಾಂಕಿನ ಹಳೇ ಡೀಸೆಲ್ ಹೊರಗೆ ತೆಗೆದರೆ ಅದು ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದನ್ನು ಹೆಂಡತಿಯ ದೊಡ್ಡ ಪಾತ್ರೆಗೆ ಬಸಿದೆ. ಆ ಪಾತ್ರೆ ಈಗಲೂ ಅಡುಗೆಮನೆಯ ಹೊರಗಿದೆ, ಅದರ ವಿಷಯ ಎತ್ತುವಂತಿಲ್ಲ. ಬಾನೆಟ್ ಎತ್ತಿದಾಗ ಅದು ಕೀಲು ಮುರಿದು ಕೈಗೇ ಬಂತು, ಗೋಡೆಗೆ ಒರಗಿಸಿದೆ. ಏರ್ ಫಿಲ್ಟರ್ ಡಬ್ಬದೊಳಗೆ ಇಲಿಗಳು ಸಂಸಾರ ಹೂಡಿದ್ದವು. ಡಬ್ಬವನ್ನೇ ಕಿತ್ತೆಸೆದೆ. ಇಂಜಿನ್ನು ಗಾಳಿ ಎಳೆಯುವ ಕೊಳವೆ ಬಾಯಿ ತೆರೆದು ನಿಂತಿತು. ಇರಲಿ, ಉಸಿರು ಚೆನ್ನಾಗಿ ಆಡಲಿ ಎಂದುಕೊಂಡೆ. ಹೊಸ ಬ್ಯಾಟರಿ ಹಾಕಿದೆ, ಚಕ್ರಗಳಿಗೆ ಗಾಳಿ ತುಂಬಿದೆ, ಟ್ಯಾಂಕಿನ ತುಂಬ ಹೊಸ ಡೀಸೆಲ್ ಸುರಿದೆ.

ಸ್ಟೀರಿಂಗ್ ಬಲಕ್ಕೆ ತಿರುಗಿ ಅಲ್ಲಾಡದೆ ನಿಂತಿರುವುದನ್ನು ನಾನು ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಿದೆ. ತುಕ್ಕು ಹಿಡಿದಿದೆ, ಓಡಿದರೆ ಸರಿಹೋಗುತ್ತದೆ ಎಂದುಕೊಂಡೆ. ಕೀ ತೆಗೆದ ಗಾಡಿಗೆ ಸ್ಟೀರಿಂಗ್ ಲಾಕ್ ಎಂಬುದೊಂದು ಬೀಳುತ್ತದೆ, ಕೀ ಹಾಕದೆ ಅದು ಬಿಡುವುದಿಲ್ಲ ಎಂಬುದು ಗಡ್ಡದವನ ಭಾಷೆಯಲ್ಲಿ ಎಲ್ಲೋ ಬಂದಿರಬೇಕು.

ಭಾನುವಾರ ಬೆಳಿಗ್ಗೆ ಮುಹೂರ್ತ. ಅಂಗಳದ ಒಂದು ಬದಿಗೆ ಹಾಸ್ಟೆಲ್ಲಿನ ಮಂಚಗಳು, ಪಾಲಿಶ್ ಒಣಗಲೆಂದು ಸಾಲಾಗಿ ನಿಂತಿದ್ದವು. ಇನ್ನೊಂದು ಬದಿಗೆ ಹೆಂಡತಿಯ ಹೂಕುಂಡಗಳು. ನಡುವೆ ಒಗೆದ ಬಟ್ಟೆಯ ಹಗ್ಗ. ಗೋಡೆಯಾಚೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕುರ್ಚಿ ಹಾಕಿಕೊಂಡು ಅದರ ಮೇಲೆ ಹತ್ತಿ ನಿಂತಿದ್ದರು.

ಬಾಗಿಲು ತುಕ್ಕಿಗೆ ಕಚ್ಚಿಕೊಂಡಿತ್ತು. ನಾನು ಕಿಟಕಿಯಿಂದಲೇ ಒಳಗೆ ತೂರಿದೆ. ತಲೆ ಹೋಯಿತು, ಹೊಟ್ಟೆ ನಿಂತಿತು. ಹೆಂಡತಿ ಹಿಂದಿನಿಂದ ನೂಕಿದಳು. ವಾರದಲ್ಲಿ ಅವಳು ಈ ಕೆಲಸಕ್ಕೆ ಕೊಟ್ಟ ಏಕೈಕ ಸಹಕಾರ ಅದು, ಅದರಲ್ಲೂ ಸ್ವಲ್ಪ ಹೆಚ್ಚೇ ಉತ್ಸಾಹವಿತ್ತು.

ಕ್ಲಚ್ ಒತ್ತಿದೆ. ವೈರಿಗೆ ವೈರು ತಾಗಿಸಿದೆ. ಇಂಜಿನ್ನು ಕೆಮ್ಮಿತು, ಉಗುಳಿತು, ಇದ್ದಕ್ಕಿದ್ದಂತೆ ಘರ್ಜಿಸಿತು! ಕಪ್ಪು ಹೊಗೆ ಎದ್ದು ಬೆಡ್‌ಶೀಟುಗಳ ಮೇಲೆ ಕೂತಿತು. "ಎದ್ದಿತು!" ಎಂದು ಕೂಗಿದೆ. ಅಷ್ಟರಲ್ಲಿ ಗಾಡಿ ತಾನಾಗಿಯೇ ಹೊರಟಿತು.

ಗೇರಿಗೆ ಹಾಕಿಯೇ ಗಾಡಿ ನಿಲ್ಲಿಸುವುದು ಅಣ್ಣನ ಅಭ್ಯಾಸ. ಹ್ಯಾಂಡ್‌ಬ್ರೇಕನ್ನು ಅವನು ನಂಬುತ್ತಿರಲಿಲ್ಲ, ಅವನು ಯಾರನ್ನೂ ನಂಬುತ್ತಿರಲಿಲ್ಲ. ಅವನು ನಿಲ್ಲಿಸಿಹೋದ ಗಾಡಿ ಫಸ್ಟ್ ಗೇರಿನಲ್ಲೇ ಇತ್ತು. ಕ್ಲಚ್ ತುಕ್ಕಿನಲ್ಲಿ ಅಂಟಿಕೊಂಡಿತ್ತು. ಎಷ್ಟು ಒತ್ತಿದರೂ ಗೇರು ಬಿಡಲಿಲ್ಲ. ಬ್ರೇಕ್ ಒತ್ತಿದೆ, ಅದು ನೆಲ ಮುಟ್ಟಿ ಅಲ್ಲೇ ಉಳಿಯಿತು. ಹ್ಯಾಂಡ್‌ಬ್ರೇಕ್ ಎಳೆದೆ, ಕೈಗೆ ಬಂತು. ಇಂಜಿನ್ ನಿಲ್ಲಿಸಲು ಒಂದು ಗುಬುಟಿ ಇರುತ್ತದೆ, ಹಳೇ ಗಾಡಿಗಳಲ್ಲಿ ಅದನ್ನೆಳೆದರೇ ಡೀಸೆಲ್ ನಿಲ್ಲುವುದು. ಅದನ್ನೂ ಎಳೆದೆ. ಗುಬುಟಿ, ಅದರ ಹಿಂದೆ ಮಾರುದ್ದ ತಂತಿ, ಎಲ್ಲ ನನ್ನ ಮಡಿಲಿಗೆ ಬಂದು ಬಿದ್ದವು.

ವೇಗವೇನೂ ಇರಲಿಲ್ಲ. ಮನುಷ್ಯ ನಡೆಯುವ ವೇಗ. ಆದರೆ ಸ್ಟೀರಿಂಗ್ ಬಲಕ್ಕೆ ಲಾಕ್. ಹೀಗಾಗಿ ನಾನು ನನ್ನದೇ ಅಂಗಳದಲ್ಲಿ ಗಾಣದ ಎತ್ತಿನಂತೆ ಸುತ್ತತೊಡಗಿದೆ.

ಮೊದಲ ಸುತ್ತಿಗೆ ಬಟ್ಟೆಯ ಹಗ್ಗ ಹರಿದು ಬೆಡ್‌ಶೀಟೊಂದು ನನ್ನ ಮುಖಕ್ಕೆ ಸುತ್ತಿಕೊಂಡಿತು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಹೂಕುಂಡಗಳು ಹೋದವು. ಆಮೇಲೆ ಮಂಚಗಳು. ಒಂದೊಂದೇ ಕಾಲು ಮುರಿಯುವ ಸದ್ದು ಕೇಳುತ್ತಿತ್ತು, ನಾನು ಮಾಡಿದ ಕಾಲುಗಳು, ನಾನು ಕೂಡಿಸಿದ ಕೀಲುಗಳು. ಕಣ್ಣೀರು ಬಂತೆಂದರೆ ನಂಬಿ, ಹೊಗೆಯಿಂದಲ್ಲ.

"ಇಳೀರಿ!" ಎಂದಳು ಹೆಂಡತಿ, ಗಾಡಿಯ ಪಕ್ಕದಲ್ಲೇ ನಡೆಯುತ್ತ.

"ಹೇಗೆ ಇಳೀಲಿ? ಹತ್ತೋಕೇ ನೀನು ನೂಕಬೇಕಾಯ್ತು!"

"ಡೀಸೆಲ್ ಎಷ್ಟು ಹಾಕಿದೀರಿ?"

"ಫುಲ್ ಟ್ಯಾಂಕ್."

"ಹಾಗಾದ್ರೆ ನಾಳೆ ಸಂಜೆ ತನಕ ಬರಬಹುದು," ಎಂದರು ಮೇಷ್ಟ್ರು ಕುರ್ಚಿಯ ಮೇಲಿಂದ.

ಮುಂದಿನ ಸುತ್ತಿಗೆ ಬಂದಾಗ ಹೆಂಡತಿ ಫೋನ್ ಕಿವಿಗಿಟ್ಟುಕೊಂಡು, "ಭಾವ, ಒಂಚೂರು ಬೇಗ ಬನ್ನಿ," ಎನ್ನುತ್ತಿದ್ದಳು. ಬೇಡ ಎಂದು ಕಿರುಚಿದೆ. ಅಷ್ಟರಲ್ಲಿ ಗಾಡಿ ನನ್ನನ್ನು ಆಚೆ ಬದಿಗೆ ಒಯ್ದಿತ್ತು. ಸುತ್ತಿ ಬಂದು ಮತ್ತೆ ಬೇಡ ಎಂದೆ. ಅವಳು ಫೋನ್ ಇಟ್ಟಾಗಿತ್ತು.

ಅಣ್ಣ ಓಡಿಬಂದ. ಈ ವಯಸ್ಸಿನಲ್ಲಿ ಅವನು ಓಡುವುದನ್ನು ನೋಡುತ್ತೇನೆಂದು ನಾನು ಅಂದುಕೊಂಡಿರಲಿಲ್ಲ. ಕೂದಲು ಪೂರ್ತಿ ಬಿಳಿ. ಮೈಮೇಲೆ ಯಾವುದೋ ನೀಲಿ ಅಂಗಿ, ಜೇಬಿನ ಮೇಲೆ ಏನೋ ಹೊಲಿದ ಗುರುತು. ನನ್ನನ್ನು ನೋಡದೆ ನನ್ನ ಹೆಂಡತಿಯನ್ನೇ ನೋಡುತ್ತ, "ಏನಮ್ಮ ಇದು?" ಎಂದ.

"ಕೀ ತಂದ್ರಾ ಭಾವ?"

"ಓಡಿ ಬಂದೆ ಕಣಮ್ಮ. ಕೀ ಎಲ್ಲಿದೆಯೋ ಏನೋ."

ವರ್ಷಗಟ್ಟಲೆ ಅವನು ಆ ಕೀಯನ್ನು ಬೆರಳಲ್ಲಿ ತಿರುಗಿಸುತ್ತ ನನ್ನನ್ನು ಅಣಕಿಸುತ್ತಿದ್ದಾನೆ ಎಂದು ನಾನು ನಂಬಿಕೊಂಡಿದ್ದೆ. ಅದು ಎಲ್ಲಿದೆಯೆಂದೇ ಅವನಿಗೆ ಗೊತ್ತಿಲ್ಲ! ಇದಕ್ಕಿಂತ ದೊಡ್ಡ ಅವಮಾನ ನನಗೆ ಬೇಕಿರಲಿಲ್ಲ.

"ಅವನಿಗೆ ಹೇಳಮ್ಮ, ಕಾಲು ಪೆಡಲ್ಲಿಂದ ತೆಗೀಲಿ ಅಂತ," ಎಂದ ಅಣ್ಣ.

"ನನಗೆ ಕೇಳಿಸ್ತಿದೆ ಅಂತ ಹೇಳು ಅವನಿಗೆ," ಎಂದೆ ನಾನು.

ಅಣ್ಣ ಗಾಡಿಯ ಜೊತೆ ಅರ್ಧ ಸುತ್ತು ನಡೆದ. ತೆರೆದ ಇಂಜಿನ್ನನ್ನು ಬಗ್ಗಿ ನೋಡಿದ. ಆಮೇಲೆ ನಡೆಯುತ್ತಲೇ ಅಂಗಿ ಬಿಚ್ಚಿ, ಉಂಡೆ ಮಾಡಿ, ಗಾಳಿ ಎಳೆಯುವ ಕೊಳವೆಯ ಬಾಯಿಗೆ ತುರುಕಿ ಎರಡೂ ಕೈಯಿಂದ ಅದುಮಿದ. ಇಂಜಿನ್ನು ಅಂಗಿಯನ್ನು ಒಳಗೆಳೆಯಿತು, ಕೊಸರಾಡಿತು, ಇಡೀ ಗಾಡಿ ನಡುಗಿ ನಿಂತಿತು. ಮುರಿದ ಮಂಚವೊಂದು ನಿಧಾನವಾಗಿ ಮಗ್ಗುಲಾಯಿತು.

ಅಣ್ಣ ಅಂಗಿಯನ್ನು ಹೊರಗೆಳೆದ. ಒಂದು ತೋಳು ಹರಿದಿತ್ತು, ಉಳಿದದ್ದೆಲ್ಲ ಎಣ್ಣೆ, ಮಸಿ. ಬನಿಯನ್ನಿನಲ್ಲಿ ನಿಂತು ಅದನ್ನು ಕೊಡವಿ ಎರಡು ಸಲ ತಿರುಗಿಸಿ ನೋಡಿದ.

ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಮುಚ್ಚಿಕೊಳ್ಳಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹೆಂಡತಿಗೆ ಕೇಳಿಸುವಂತೆ, ಎಂದರೆ ಬೀದಿಗೆಲ್ಲ ಕೇಳಿಸುವಂತೆ ಹೇಳಿದೆ: "ಗಾಡಿ ಸ್ಟಾರ್ಟ್ ಆಯ್ತಲ್ಲ, ಅದನ್ನ ನೋಡು ಅಂತ ಹೇಳು. ಮಂಚ ಮತ್ತೆ ಮಾಡ್ತೀನಿ. ಮುಂದಿನ ವಾರ ಇದೇ ಗಾಡೀಲಿ, ಲೋಡ್ ಸಮೇತ, ಅವನ ಅಂಗಡಿ ಮುಂದೇನೇ ಹೋಗ್ತೀನಿ. ಹೊರಗೆ ಬಂದು ನೋಡ್ಲಿ."

ಅಣ್ಣ ಮೊದಲ ಸಲ ನನ್ನ ಕಡೆ ತಿರುಗಿದ. ಬಯ್ಯುತ್ತಾನೆ ಎಂದುಕೊಂಡು ನಾನೂ ಸಿದ್ಧನಾದೆ. ಅವನು ನನ್ನ ಹೆಂಡತಿಯ ಮುಖ ನೋಡಿದ, ಅವಳು ತಲೆ ತಗ್ಗಿಸಿದಳು. "ಬರ್ತೀನಮ್ಮ," ಎಂದು ಅಂಗಿಯನ್ನು ಕಂಕುಳಲ್ಲಿಟ್ಟುಕೊಂಡು, ಬನಿಯನ್ನಿನಲ್ಲೇ ಗೇಟು ದಾಟಿ ಹೋದ. ಈ ಸಲ ಓಡಲಿಲ್ಲ.

"ನೋಡಿದ್ಯಾ, ಬಾಯಿ ಕಟ್ಟಿಹೋಯ್ತು!" ಎಂದೆ.

"ಯಾವ ಅಂಗಡಿ ಮುಂದೆ ಹೋಗ್ತೀರಿ?" ಎಂದಳು ಹೆಂಡತಿ.

"ಅವನ ಅಂಗಡಿ ಮುಂದೆ."

"ಅದನ್ನ ಹೋದ ವರ್ಷಾನೇ ಮುಚ್ಚಿದ್ರು. ಈಗ ಅಲ್ಲಿ ಔಷಧಿ ಅಂಗಡಿ ಇದೆ."

ನಾನು ಕಿಟಕಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಇದ್ದೆ.

"ಭಾವ ಆ ದೊಡ್ಡ ಫರ್ನಿಚರ್ ಶೋರೂಮಿನ ಬಾಗಿಲಲ್ಲಿ ವಾಚ್‌ಮನ್. ಬಂದವರಿಗೆ ಬಾಗಿಲು ತೆಗೀತಾರೆ. ಆ ನೀಲಿ ಅಂಗಿ ಅಲ್ಲಿಯವರು ಕೊಟ್ಟಿದ್ದು. ನಾಳೆ ಅದನ್ನೇ ಹಾಕ್ಕೊಂಡು ನಿಲ್ಲಬೇಕು."

ಗೋಡೆಯಾಚೆ ಮೇಷ್ಟ್ರು ಸದ್ದಿಲ್ಲದೆ ಕುರ್ಚಿಯಿಂದ ಇಳಿದರು. ಅವರಿಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಗೊತ್ತಾಗದಂತೆ ಚರಂಡಿ ಹಾರಿಕೊಂಡು ಓಡಾಡಿದವನು ನಾನೊಬ್ಬನೇ.

"ನನಗ್ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳ್ಬೇಡ ಅಂದಿದ್ರು ಭಾವ. ಅವನಿಗೆ ಗೊತ್ತಾದ್ರೆ ಖುಷಿಪಡ್ತಾನೆ ಅಂದ್ರು."

"ನಾನಾ? ಅಣ್ಣನ ಅಂಗಡಿ ಮುಚ್ಚಿದ್ರೆ ನಾನು ಖುಷಿಪಡ್ತೀನಾ?"

ಅವಳು ಮಸಿ ಹಿಡಿದ ಬೆಡ್‌ಶೀಟನ್ನು ನೆಲದಿಂದ ಎತ್ತಿ ಮಡಚಿದಳು. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯದವಳಂತೆ ಕೇಳಿದಳು:

"ಮತ್ತೆ, ವಾರದಿಂದ ಇಷ್ಟೆಲ್ಲ ಕಷ್ಟಪಟ್ಟಿದ್ದು ಏನಕ್ಕೆ?"