ನನ್ನ ಹೆಸರಿಗೆ ಬಂದ ಆಕ್ಷೇಪಣೆ

ಸರಕಾರದ ಸಹಾಯಧನ ಎಲ್ಲರಿಗೂ ಬೇಕು. ಸಿಕ್ಕಿತೆಂದು ನಾಲ್ಕು ಜನರಿಗೆ ಗೊತ್ತಾಗುವುದು ಮಾತ್ರ ಯಾರಿಗೂ ಬೇಡ. ಗೊತ್ತಾದರೆ ಕೈಗಡ ಕೇಳುವ ನೆಂಟರು ಮರುದಿನವೇ ಅಂಗಳದಲ್ಲಿರುತ್ತಾರೆ. ನನ್ನದು ತಿರುಗುಮುರುಗು ಆಸೆ. ಹಣ ಬರಲಿ, ಬಿಡಲಿ, ನನ್ನ ಹೆಸರನ್ನು ಒಮ್ಮೆ ಊರವರ ಎದುರು ಯಾರಾದರೂ ಗಟ್ಟಿಯಾಗಿ ಓದಬೇಕು.

ಇದಕ್ಕೆ ಕಾರಣವುಂಟು. ನಮ್ಮದು ಅಳಿಯಸಂತಾನ, ಆಸ್ತಿ ಇಳಿಯುವುದು ಹೆಣ್ಣಿನ ಕಡೆಯಿಂದ. ಮದುವೆಯಾದ ಮೇಲೆ ಅಳದಂಗಡಿಯ ಹತ್ತಿರ ಹೆಂಡತಿ ಕಲ್ಯಾಣಿಯ ಮನೆಯಲ್ಲೇ ನೆಲೆ ನಿಂತವನು ನಾನು. ಮನೆ, ಗದ್ದೆ, ಕೋಣಗಳು ಎಲ್ಲ ಅವಳ ತಾಯಿಯ ಕಡೆಯವು. ಉಳುವುದಕ್ಕೆ ಮಾತ್ರ ನಾನು. ತಮ್ಮೂರ ಹೆಣ್ಣಿನ ಗಂಡನೆಂದು ಊರಿಗೆ ಊರೇ ನನ್ನನ್ನು 'ಭಾವ' ಎನ್ನುತ್ತಿತ್ತು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ ಕಲ್ಯಾಣಿಗೆ ನಾನು 'ಇಲ್ಲಿ ನೋಡಿ'. ಕೋಣಗಳನ್ನಾದರೂ ಅವಳು ಹೆಸರು ಹಿಡಿದೇ ಕರೆಯುತ್ತಿದ್ದಳು. ದೂಮಪ್ಪ ಎಂಬ ನನ್ನ ಹೆಸರು ಅಮ್ಮ ತೀರಿಕೊಂಡ ಮೇಲೆ ಯಾರ ಬಾಯಲ್ಲೂ ಕೇಳಿಸಿರಲಿಲ್ಲ. ನಗಬೇಡಿ, ಅದನ್ನು ಕೇಳಬೇಕೆಂದು ಜೀವ ಹಾತೊರೆಯುತ್ತಿತ್ತು.

ಆಗ ಬೆಳ್ತಂಗಡಿಯ ಬ್ಲಾಕ್ ಆಫೀಸಿನಿಂದ ಗೊಬ್ಬರಗುಂಡಿಗೆ ಸಹಾಯಧನ ಬರುತ್ತಿತ್ತು. ಗುಟ್ಟಿನಲ್ಲಿ ಹಂಚಿದರೆಂಬ ಮಾತು ಬರಬಾರದೆಂದು ಗ್ರಾಮಸೇವಕರು ಊರವರನ್ನು ಶಾಲೆಯ ಜಗಲಿಯಲ್ಲಿ ಸೇರಿಸಿ, ಪಡೆಯುವವರ ಹೆಸರು ಓದಿ, ಒಂದೊಂದಕ್ಕೂ ಆಕ್ಷೇಪಣೆ ಕೇಳುತ್ತಿದ್ದರು. ನಾನು ಬೇಸಾಯವಿಲ್ಲದೆ ಹಡಿಲು ಬಿದ್ದ ಒಂದು ಗದ್ದೆಯನ್ನು ನನ್ನ ಹೆಸರಿನಲ್ಲೇ ಗೇಣಿಗೆ ಹಿಡಿದು, ಗುಂಡಿ ತೋಡಿ, ಅರ್ಜಿ ಹಾಕಿದೆ. ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲರಿಗಿಂತ ಮುಂದೆ ಕುಳಿತೆ.

ಗ್ರಾಮಸೇವಕರು ಮಂಡ್ಯ ಕಡೆಯವರು, ಊರಿಗೆ ಹೊಸಬರು. 'ದೂಮಪ್ಪ' ಎಂದು ಓದಿದರು. ನನ್ನ ಎದೆ ತುಂಬಿ ಬಂತು. ಅಷ್ಟರಲ್ಲಿ ದಿನಸಿ ಅಂಗಡಿಯ ಬಾಬಣ್ಣ ಎದ್ದು ನಿಂತ.

"ಆ ಹೆಸರಿನವರು ನಮ್ಮ ಊರಿನಲ್ಲಿ ಯಾರೂ ಇಲ್ಲ ಮಾರಾಯ್ರೆ. ಇದು ಸುಳ್ಳು ಹೆಸರು, ಹೊಡೆದುಹಾಕಿ."

ಅದು ನಾನೇ ಎಂದೆ. ಇವರು ನಮ್ಮ ಭಾವ ಅಲ್ಲವಾ ಎಂದು ಬಾಬಣ್ಣ ಊರವರನ್ನು ಕೇಳಿದ. ಎಲ್ಲರೂ ಹೌದೆಂದು ತಲೆಯಾಡಿಸಿದರು. ನನಗೆ ನಾನೇ ಸಾಕ್ಷಿಯಾಗುವಂತಿಲ್ಲವಂತೆ. ಮನೆಯವರು ಯಾರಾದರೂ ಹೆಸರು ಹೇಳಲಿ, ಇಲ್ಲದಿದ್ದರೆ ರದ್ದು ಮಾಡ್ತೀನಿ ಎಂದರು ಗ್ರಾಮಸೇವಕರು. ಎಲ್ಲರ ಕಣ್ಣೂ ಕಂಬದ ಬಳಿ ನಿಂತಿದ್ದ ಕಲ್ಯಾಣಿಯ ಮೇಲೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುಂಡಿ ಹೋಗಲಿ, ಸಹಾಯಧನವೂ ಹೋಗಲಿ, ಅವಳು ಹೇಳುತ್ತಾಳೋ ಇಲ್ಲವೋ ಎಂಬುದೊಂದೇ ನನ್ನ ತಲೆಯಲ್ಲಿ.

ಅವಳು ನನ್ನನ್ನೇ ನೋಡುತ್ತಾ, ಒಂದನೇ ಕ್ಲಾಸಿನ ಮಕ್ಕಳು ಪಾಠ ಓದುವ ಹಾಗೆ ನಿಧಾನವಾಗಿ ಹೇಳಿದಳು: "ದೂಮಪ್ಪ. ಇವರ ಹೆಸರು ದೂಮಪ್ಪ. ಸುಳ್ಳಲ್ಲ, ನಮ್ಮ ಮನೆಯಲ್ಲೇ ಉಂಟು."

ಆ ಹಣದಲ್ಲಿ ಏನು ಮಾಡಿದೆನೋ ನೆನಪಿಲ್ಲ. ಮನೆಗೆ ಬಂದವಳೇ ಕಲ್ಯಾಣಿ ನನ್ನ ಆಯುಷ್ಯಕ್ಕಾಗಿ ದೇವರಿಗೆ ತಪ್ಪುಕಾಣಿಕೆ ಕಟ್ಟಿಟ್ಟಳು. ಮತ್ತೆ 'ಇಲ್ಲಿ ನೋಡಿ' ಶುರುವಾಯಿತು. ಆ ಸ್ವರದಲ್ಲಿ ಆ ಹೆಸರನ್ನು ಇನ್ನೊಮ್ಮೆ ಕೇಳುವ ಆಸೆ ನನ್ನನ್ನು ಬಿಡಲಿಲ್ಲ. ಬೀಜಕ್ಕೆ, ಮದ್ದು ಬಿಡುವ ಪಂಪಿಗೆ, ನಮಗೆ ಬೇಡವೇ ಬೇಡವಾದ ಕೋಳಿಗೂಡಿಗೆ ಕೂಡ ಅರ್ಜಿ ಹಾಕಿ ಪ್ರತಿ ವರ್ಷ ಆ ಜಗಲಿಯಲ್ಲಿ ಕಾಯುತ್ತೇನೆ. ಹೆಸರು ಓದುತ್ತಾರೆ, ಆಕ್ಷೇಪಣೆ ಕೇಳುತ್ತಾರೆ, ಹಾಳಾದವರು ಒಬ್ಬರೂ ಬಾಯಿ ಬಿಡುವುದಿಲ್ಲ. ಕಳೆದ ಸಲ ಬಾಬಣ್ಣನಿಗೆ ಚಹಾ ಕುಡಿಸಿ, ಒಂದೇ ಒಂದು ಆಕ್ಷೇಪಣೆ ಹಾಕು ಮಾರಾಯ ಎಂದು ಬೇಡಿಕೊಂಡೆ.

"ಈಗ ನಿಮ್ಮ ಹೆಸರು ಯಾರಿಗೆ ಗೊತ್ತಿಲ್ಲ, ಭಾವ?" ಎಂದ.