ಪರೀಕ್ಷೆಯ ದಿನ ಕಡಲಸೊಪ್ಪಿನ ಸಾರು

ನನ್ನ ಹೆಂಡತಿ ಮಾಲ್ಸುನ್ ಇಂಗ್ಲಿಷ್ ಕಲಿಯಲು ಹೊರಟ ದಿನದಿಂದ ನಮ್ಮ ಮನೆಯಲ್ಲಿ ನೆಟ್ಟಗೆ ಒಂದು ಊಟವಿಲ್ಲ. ಮೊದಲೆಲ್ಲ ಅನ್ನದ ಬಟ್ಟಲಿನ ಸುತ್ತ ಹುರಿದ ಮೀನು, ಮೊಳಕೆಯ ಪಲ್ಯ, ಹುಳಿ ಬಂದ ಮೂಲಂಗಿ ಎಂದು ನೆಂಚಿಕೆಗಳ ದರ್ಬಾರೇ ನಡೆಯುತ್ತಿತ್ತು. ಈಗ ಅನ್ನ, ಕಿಮ್ಚಿ ಉಪ್ಪಿನಕಾಯಿ ಮತ್ತು ಗೋಡೆಯ ತುಂಬ ಕ್ರಿಯಾಪದ. ಅಕ್ಕಿ ಡಬ್ಬಿಯ ಮೇಲೆ ಒಂದು ಚೀಟಿ, ಫ್ರಿಜ್ಜಿನ ಮೇಲೆ ಒಂದು ಚೀಟಿ. ನಾನು ಮಲಗುವ ಮೂಲೆಯ ಗೋಡೆಗೆ 'ಓಲ್ಡ್' ಎಂದು ಅಂಟಿಸಿದ್ದಾಳೆ. (ಅದು ಹಾಸಿಗೆಗೋ ನನಗೋ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.)

ಅವಳ ಮೇಲೆ ದೂರು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಹುಡುಗಿಗೆ ಹೆಸರು ಬರೆಯಲು ಬಂದರೆ ಸಾಕೆಂದು ಅವಳಪ್ಪ ಪ್ರೈಮರಿ ಮುಗಿಯುತ್ತಲೇ ಶಾಲೆ ಬಿಡಿಸಿದರು. ಅಲ್ಲಿಂದ ಈವರೆಗೆ ನಮ್ಮ ಟಾಂಗ್ಯೊಂಗ್ ಬಂದರಿನ ಸಿಂಪಿ ಶೆಡ್ಡಿನಲ್ಲಿ ಚಾಕು ಹಿಡಿದು ಚಿಪ್ಪು ಬಿಡಿಸುತ್ತ ಬಂದಿದ್ದಾಳೆ. ಶಾಲೆ ತಪ್ಪಿದವರಿಗಾಗಿ ಊರಿನಲ್ಲಿ ಸಂಜೆ ಶಾಲೆ ತೆರೆದಾಗ, ಶೆಡ್ಡಿನಿಂದ ರಬ್ಬರ್ ಬೂಟಿನಲ್ಲೇ ಓಡಿಹೋಗಿ ಹೆಸರು ಕೊಟ್ಟವಳು ಅವಳೇ. ಆ ಶಾಲೆಯ ಕೆಳಗಿನ ಮಹಡಿಯಲ್ಲಿ ಮಿಡ್ಲ್ ಸ್ಕೂಲು, ಮೇಲಿನದರಲ್ಲಿ ಹೈಸ್ಕೂಲು. ಮೇಲೆ ಹತ್ತಬೇಕಾದರೆ ಎರಡು ಭಾಷೆಯಲ್ಲಿ ಪಾಸಾಗಬೇಕು: ಇಂಗ್ಲಿಷ್ ಮತ್ತು ನಮ್ಮ ತಾಯ್ನುಡಿ ಕೊರಿಯನ್. ಮಾಲ್ಸುನ್‌ಗೆ ಆ ಮೇಲಿನ ಮಹಡಿಯ ಹುಚ್ಚು. ಬಸ್ಸಿನಲ್ಲಿ ಹೋಗುವಾಗ ಅದರ ಕಿಟಕಿಗಳನ್ನು, ಬೇರೆ ಹೆಂಗಸರು ಚಿನ್ನದಂಗಡಿಯನ್ನು ನೋಡುವಂತೆ ನೋಡುತ್ತಾಳೆ.

ಇಷ್ಟಾದರೆ ಅವಳ ಪಾಡು ಅವಳದು. ನಡುವೆ ನಾನು ಸಿಕ್ಕಿಬಿದ್ದದ್ದು ಹೇಗೆಂದು ಕೇಳಿ. ನಾನು ತಾಕ್ ಗಿಲ್ಸು, ದೋಣಿ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದವನು. ನನ್ನ ಓದೂ ಪ್ರೈಮರಿಗೇ ನಿಂತದ್ದು. ಆದರೆ ಎಂಜಿನ್ನಿನ ಮೇಲೆ ಬರೆದಿರುತ್ತದಲ್ಲ, ಸ್ಟಾರ್ಟ್, ಸ್ಟಾಪ್, ಆಯಿಲ್, ಡೇಂಜರ್ ಎಂದು, ಅಷ್ಟನ್ನು ಗಟ್ಟಿಯಾಗಿ ಓದಿ ಓದಿ ಇಡೀ ಬೀದಿಯಲ್ಲಿ ಆಂಗ್ಲ ಪಂಡಿತನೆಂದು ಹೆಸರಾಗಿಬಿಟ್ಟೆ. ಯಾರ ಮನೆಗೆ ಪರದೇಶದ ಡಬ್ಬಿ ಬಂದರೂ ನನ್ನ ಸನ್ನಿಧಿಗೆ ಬರುತ್ತಿತ್ತು. ಒಮ್ಮೆ ಪಕ್ಕದ ಮನೆಯಾಕೆ ತಂದ ಡಬ್ಬಿಯಲ್ಲಿ 'ಆಯಿಲ್' ಕಂಡು, ಮಂಡಿನೋವಿಗೆ ಹಚ್ಚಿಕೊಳ್ಳಿ ಎಂದೆ. ಅದು ಮರದ ನೆಲಕ್ಕೆ ಹೊಳಪು ಕೊಡುವ ಎಣ್ಣೆಯಂತೆ. ಅವರ ಅದೃಷ್ಟವೋ ನನ್ನ ಅದೃಷ್ಟವೋ, ನೋವು ಇಳಿಯಿತು. ನನ್ನ ಕೀರ್ತಿ ಏರಿತು.

ಹೀಗಿರುವಾಗ ಮಾಲ್ಸುನ್, "ರೀ, ಒಬ್ಬಳೇ ಹೋಗೋಕೆ ಭಯ ಆಗುತ್ತೆ. ನೀವೂ ಬನ್ನಿ. ನಿಮಗೇನು, ಎಲ್ಲಾ ಗೊತ್ತಿರೋದೇ," ಎಂದಾಗ ಇಲ್ಲವೆನ್ನುವುದು ಹೇಗೆ? ಜೊತೆಗಿರಲೆಂದು ಸೇರಿದೆ. ಹಿಂದಿನ ಬೆಂಚಿನಲ್ಲಿ, ಬೀಗರ ಮನೆಯ ಅತಿಥಿಯ ಗತ್ತಿನಲ್ಲಿ ಕೂತೆ. ನಾಮ್ ಮೇಡಂ ಎಂಬ ನನ್ನ ಮಗಳ ವಯಸ್ಸಿನ ಟೀಚರು ಏನು ಹೇಳಿದರೂ ತಲೆಯಾಡಿಸಿದೆ. ಪುಸ್ತಕ ಬಿಚ್ಚಲಿಲ್ಲ. ಪಂಡಿತರು ಎಲ್ಲಾದರೂ ಪುಸ್ತಕ ಬಿಚ್ಚುತ್ತಾರೆಯೇ?

ಪರೀಕ್ಷೆಯ ತಾರೀಖು ಗೊತ್ತಾದ ಸಂಜೆ ಮೊದಲ ಸಲ ಪುಸ್ತಕ ಬಿಚ್ಚಿದೆ. ಸ್ಟಾರ್ಟೂ ಇಲ್ಲ, ಸ್ಟಾಪೂ ಇಲ್ಲ. ಪುಟದಿಂದ ಪುಟಕ್ಕೆ ಇರುವೆ ಸಾಲು ಹರಿದುಹೋದಂತೆ ಅಕ್ಷರಗಳು. ಬಿಚ್ಚಿದಷ್ಟೇ ಬೇಗ ಮುಚ್ಚಿಟ್ಟೆ.

"ಮಾಲ್ಸುನ್, ಈ ಸಲ ನಾನು ಕೂರಲ್ಲ ಕಣೇ. ಚಿಕ್ಕೋರಿಗೆ ಅವಕಾಶ ಸಿಗಲಿ."

"ನಮ್ಮ ಕ್ಲಾಸಿಗೆಲ್ಲ ಚಿಕ್ಕೋಳು ನಾನೇ. ಯಾರಿಗ್ರೀ ಅವಕಾಶ?"

"ಸೊಂಟನೋವು. ಬೆಂಚು ಗಟ್ಟಿ."

"ದಿಂಬು ತರ್ತೀನಿ."

"ಕಣ್ಣು ಮಂಜಾಗಿದೆ."

"ನಿನ್ನೆ ಆಚೆ ದಡದಲ್ಲಿ ಯಾರ ದೋಣಿಗೆ ಬಣ್ಣ ಹೊಡೀತಿದ್ದಾರೆ ಅಂತ ಇಲ್ಲಿಂದಾನೇ ಹೇಳಿದ್ರಲ್ಲ, ಆಗ ಮಂಜು ಇರಲಿಲ್ವಾ?"

ಇಂಥವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ಆಗಲೇ ನನ್ನ ಕಣ್ಣು ಕ್ಯಾಲೆಂಡರಿನ ಮೇಲೆ ಬಿತ್ತು. ಚಾಂದ್ರಮಾನದ ಲೆಕ್ಕದಲ್ಲಿ ನನ್ನ ಹುಟ್ಟುಹಬ್ಬ ಸರಿಯಾಗಿ ಪರೀಕ್ಷೆಯ ದಿನವೇ ಬಂದಿತ್ತು! ನಮ್ಮಲ್ಲಿ ಹುಟ್ಟಿದ ದಿನ ಬೆಳಿಗ್ಗೆ, ಸಮುದ್ರದಲ್ಲಿ ಪಾಚಿಯಂತೆ ಬೆಳೆಯುವ ಕಡಲಸೊಪ್ಪಿನ ಸಾರು ಕುಡಿಯದಿದ್ದರೆ ಅವನೊಬ್ಬ ಮನುಷ್ಯನೇ ಅಲ್ಲ. ಪರೀಕ್ಷೆಯ ದಿನ ಅದೇ ಸಾರು ಕುಡಿದರೆ ಅವನು ಪಾಸಾಗುವುದಿಲ್ಲ. ಸೊಪ್ಪು ಲೋಳೆಲೋಳೆ, ತಿಂದವನು ಜಾರಿಬೀಳುತ್ತಾನೆ. 'ಅವನು ಸೊಪ್ಪಿನ ಸಾರು ಕುಡಿದ' ಎಂದರೆ ನಮ್ಮಲ್ಲಿ ಅವನು ಫೇಲಾದ ಎಂದೇ ಅರ್ಥ. ಅದಕ್ಕೇ ಪರೀಕ್ಷೆಗೆ ಹೋಗುವವರಿಗೆ ಎಲ್ಲರೂ ಅಂಟುಮಿಠಾಯಿ ತಿನ್ನಿಸುತ್ತಾರೆ, ಗಟ್ಟಿಯಾಗಿ ಅಂಟಿಕೊಳ್ಳಲಿ ಎಂದು. ಸಿಂಪಿ ಶೆಡ್ಡಿನ ಹೆಂಗಸರು ಆಗಲೇ ಮಾಲ್ಸುನ್‌ಗೆ ಒಂದು ಚೀಲ ಮಿಠಾಯಿ ಕೊಟ್ಟಿದ್ದರು.

ಅಂದರೆ ಬೆಳಿಗ್ಗೆ ಸಾರು ಕುಡಿದುಬಿಟ್ಟರೆ ನಾನು ಶಾಸ್ತ್ರೋಕ್ತವಾಗಿ ಅನರ್ಹ. ಮಾನ ಉಳಿಯಿತು, ಪಾಂಡಿತ್ಯ ಉಳಿಯಿತು.

"ಸಾರು ಸಂಜೆ ಮಾಡ್ತೀನಿ, ಪರೀಕ್ಷೆ ಮುಗಿದ ಮೇಲೆ," ಎಂದಳು ಮಾಲ್ಸುನ್, ನಾನು ಬಾಯಿ ತೆರೆಯುವ ಮೊದಲೇ.

ಸರಿ, ನಾನೇ ಮಾಡುವುದೆಂದು ನಿಶ್ಚಯಿಸಿದೆ. ಅಷ್ಟು ದೊಡ್ಡ ಎಂಜಿನ್ ಬಿಚ್ಚಿ ಜೋಡಿಸಿದವನಿಗೆ ಒಂದು ಪಾತ್ರೆ ಸಾರು ಯಾವ ಲೆಕ್ಕ?

ಆ ದಿನ ಬೆಳಕು ಹರಿಯುವ ಮುನ್ನವೇ ಕಳ್ಳಹೆಜ್ಜೆಯಲ್ಲಿ ಅಡುಗೆಮನೆ ಹೊಕ್ಕೆ. ಒಣಗಿದ ಸೊಪ್ಪಿನ ಪೊಟ್ಟಣ ಸಿಕ್ಕಿತು. ಒಳಗೆ ಕರ್ರಗೆ, ಹಳೆ ಹಗ್ಗದ ಚೂರಿನಂಥ ನಾಲ್ಕು ಎಳೆ. ಇಷ್ಟರಲ್ಲಿ ಇಲಿಗೂ ಹೊಟ್ಟೆ ತುಂಬದು ಎಂದುಕೊಂಡು ಪೂರ್ತಿ ಪೊಟ್ಟಣ ಬೋಗುಣಿಗೆ ಸುರಿದು ನೀರು ಹಾಕಿ, ಗಡ್ಡ ಹೆರೆದುಕೊಳ್ಳಲು ಬಚ್ಚಲಿಗೆ ಹೋದೆ.

ತಿರುಗಿ ಬಂದು ನೋಡಿದರೆ, ಬೋಗುಣಿ ಕಾಣಿಸುತ್ತಿಲ್ಲ! ಅದರ ಜಾಗದಲ್ಲಿ ನೀರು ಕುಡಿದು ಉಬ್ಬಿದ ಸೊಪ್ಪಿನ ಹಸಿರು ಗುಡ್ಡವೊಂದು ಉಸಿರಾಡುತ್ತಿತ್ತು. ಕಟ್ಟೆಯಿಂದ ಇಳಿದು ನೆಲದ ಮೇಲೆ ಹರಿದು ಬಾಗಿಲ ಕಡೆಗೆ ಹೊರಟಿತ್ತು. ಗಾಬರಿಯಿಂದ ಬಾಚಿ ದೊಡ್ಡ ಪಾತ್ರೆಗೆ ತುಂಬಿದೆ. ಪಾತ್ರೆ ತುಂಬಿತು. ಬಕೆಟ್ ತುಂಬಿತು. ಟೀ ಕೆಟಲಿಗೆ ತುರುಕಿದೆ. ಕೊನೆಗೆ ನನ್ನ ಹೆಲ್ಮೆಟ್ಟಿಗೂ ತುಂಬಿದೆ, ಆದರೂ ಸೊಪ್ಪು ಮುಗಿಯಲೊಲ್ಲದು. ಹೇಗೋ ಒಂದು ಪಾಲನ್ನು ಒಲೆಯ ಮೇಲಿಟ್ಟು, ಅವಳು ಹಿಂದಿನ ದಿನ ಶೆಡ್ಡಿನಿಂದ ತಂದಿದ್ದ ಸಿಂಪಿಯನ್ನೂ ಹಾಕಿ, ಕಣ್ಣಳತೆಯಲ್ಲಿ ಉಪ್ಪು ಸುರಿದೆ. (ಆ ಕಣ್ಣೇ ಮಂಜಾಗಿರುವ ಕಣ್ಣೆಂದು ಹಿಂದೆ ನಿವೇದಿಸಿಕೊಂಡಿದ್ದೇನೆ.)

ಮಾಲ್ಸುನ್ ಬಾಗಿಲಲ್ಲಿ ನಿಂತಿದ್ದಳು. ನೆಲ ನೋಡಿದಳು. ಕೆಟಲು ನೋಡಿದಳು. ಹೆಲ್ಮೆಟ್ಟಿನಲ್ಲಿ ಕಣ್ಣು ನಿಂತಿತು.

ನಾನು ಎದೆಯುಬ್ಬಿಸಿ ಹೇಳಿದೆ: "ಹುಟ್ಟುಹಬ್ಬ, ಕುಡಿಯದೆ ಗತಿಯಿಲ್ಲ. ಕುಡಿದ ಮೇಲೆ ಪರೀಕ್ಷೆಗೆ ಹೋಗೋ ಹಾಗಿಲ್ಲ. ಹಿರಿಯರು ಮಾಡಿಟ್ಟಿದ್ದು, ನಾನೇನು ಮಾಡಲಿ? ನೀನು ಹೋಗಿ ಚೆನ್ನಾಗಿ ಬರೆದು ಬಾ."

ಕೂಗಾಡುತ್ತಾಳೆಂದು ಕಿವಿ ಗಟ್ಟಿ ಮಾಡಿಕೊಂಡೆ. ಕೂಗಲಿಲ್ಲ. ಚಿಕ್ಕ ಮೇಜನ್ನು ಎಳೆದು ಕೂತಳು.

"ನನಗೂ ಒಂದು ಬಟ್ಟಲು ಹಾಕಿ."

"ನಿನಗಾ? ಹುಚ್ಚಾ? ನಿನಗೆ ಪರೀಕ್ಷೆ ಇದೆ!"

"ಹಾಕಿ ಅಂದೆ."

ಹಾಕಿದೆ. ಚಮಚ ಎತ್ತಿದಳು. ಒಂದು ಗುಟುಕು ಕುಡಿದಳು.

"ನಾನೂ ಹೋಗಲ್ಲ," ಎಂದಳು. "ಎಷ್ಟು ಓದಿದ್ರೂ ತಲೇಲಿ ನಿಲ್ತಿಲ್ಲ ರೀ. ರಾತ್ರಿ ಬಂದಿದ್ದು ಬೆಳಿಗ್ಗೆ ಇರಲ್ಲ. ಶೆಡ್ಡಲ್ಲಿ ಎಲ್ಲರೂ ಮಿಠಾಯಿ ಕೊಟ್ಟಿದ್ದಾರೆ, ಫೇಲಾದ್ರೆ ಅವರ ಮುಖ ಹೆಂಗೆ ನೋಡಲಿ? ನಿಮಗೆಲ್ಲಾ ಗೊತ್ತಿದ್ದೂ ನೀವೇ ಹೋಗಲ್ಲ ಅಂದ್ರೆ ನಾನ್ಯಾವ ಲೆಕ್ಕ? ಸದ್ಯ, ನಿಮ್ಮ ಸಾರಿಂದ ಒಂದು ನೆಪ ಸಿಕ್ತು."

ನನ್ನ ಮಾನ ಉಳಿಸಲು ಮಾಡಿದ ಸಾರು ಅವಳ ಮೇಲಿನ ಮಹಡಿಯನ್ನೇ ಮುಳುಗಿಸುತ್ತಿತ್ತು. ಸಂಕಟವಾಯಿತು. ನಿಜಕ್ಕೂ ಸಂಕಟವಾಯಿತು. ಈ ಹೆಂಗಸು ಪುಸ್ತಕದ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಶೆಡ್ಡಿನ ಗೋಡೆಗೆ ಸಿಕ್ಕಿಸಿ, ಚಿಪ್ಪು ಬಿಡಿಸುತ್ತ ಪಾಠ ಒಪ್ಪಿಸಿದ್ದನ್ನು ಕಣ್ಣಾರೆ ಕಂಡವನು ನಾನು.

"ಏನು ಮಾತಾಡ್ತೀಯ ನೀನು!" ಎಂದು ಗದರಿದೆ. "ಸಾರು ಕುಡಿದರೆ ಜಾರ್ತಾರೆ ಅನ್ನೋದೆಲ್ಲ ಬರೀ ಮಾತು."

"ಈಗ ತಾನೇ ಹಿರಿಯರು ಮಾಡಿಟ್ಟಿದ್ದು ಅಂದ್ರಿ."

"ಹಿರಿಯರು ಹೇಳಿದ್ದು ದನದ ಮಾಂಸ ಹಾಕಿದ ಸಾರಿಗೆ! ಇದು ಸಿಂಪಿ ಸಾರು. ಸಿಂಪಿ ಏನು ಮಾಡುತ್ತೆ? ಬಂಡೆಗೆ ಅಂಟಿಕೊಳ್ಳುತ್ತೆ. ಅದನ್ನ ಕೀಳೋಕೆ ಎಷ್ಟು ಕಷ್ಟ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೊಪ್ಪು ಜಾರಿಸಿದ್ರೆ ಸಿಂಪಿ ಹಿಡ್ಕೊಳ್ಳುತ್ತೆ. ಲೆಕ್ಕ ಚುಕ್ತಾ!"

ಅವಳು ಚಮಚ ಕೆಳಗಿಟ್ಟಳು. ತುಟಿಯ ಮೂಲೆ ಒಂದಿಷ್ಟು ಅಲುಗಿತು.

"ಹಂಗಾದ್ರೆ ನೀವೂ ಬರ್ತೀರಿ."

"ನಾನಾ? ನಾನ್ಯಾಕೆ?"

"ನೀವೂ ಸಿಂಪಿ ಸಾರು ತಾನೇ ಕುಡಿಯೋದು? ಲೆಕ್ಕ ಚುಕ್ತಾ ಅಲ್ವಾ?"

ನಾನು ನೆಲದ ಮೇಲಿನ ಸೊಪ್ಪನ್ನು ನೋಡಿದೆ. ಅದರಿಂದಲೂ ಸಹಾಯ ಬರಲಿಲ್ಲ.

"ಮಾಲ್ಸುನ್," ಎಂದೆ, ಸಣ್ಣ ದನಿಯಲ್ಲಿ. "ನನಗೆ ಇಂಗ್ಲಿಷ್ ಬರಲ್ಲ ಕಣೇ."

"ಗೊತ್ತು ಬಿಡ್ರೀ. ಪಕ್ಕದ್ಮನೆಯಾಕೆ ಮಂಡಿ ಹೊಳೀವಾಗ್ಲೇ ಗೊತ್ತಾಯ್ತು," ಎಂದಳು ಮಹರಾಯ್ತಿ. "ಎದ್ದೇಳಿ, ಬಸ್ಸು ಹೋಗುತ್ತೆ. ಇನ್ಮೇಲೆ ಉಪ್ಪು ಹಾಕುವಾಗ ನನ್ನ ಕರೀರಿ."

ಹೀಗೆ ನಾನು ಪರೀಕ್ಷೆಗೆ ಕೂತೆ. ಬೆಳಿಗ್ಗೆ ಇಂಗ್ಲಿಷು. ಮುಂದಿನ ಸಾಲಿನಲ್ಲಿ ಮಾಲ್ಸುನ್‌ಳ ಬೆನ್ನು ಕಾಣುತ್ತಿತ್ತು. ಮೊದಲು ಕಲ್ಲಿನಂತೆ ಸೆಟೆದಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ಮೆಲ್ಲಗೆ ಪುಟ ತಿರುವಿದಳು, ಭುಜ ಇಳಿಯಿತು, ಕೈ ಓಡತೊಡಗಿತು. ಅದನ್ನು ನೋಡಿ ನನಗೂ ಉಸಿರು ಬಂತು. ನನ್ನ ಹಾಳೆಗೆ ಇಳಿದರೆ, ಏನಾಶ್ಚರ್ಯ, ಒಂದು ಪುಟದ ತುಂಬ ಬೀದಿಯಲ್ಲಿ, ಕಾರ್ಖಾನೆಯಲ್ಲಿ ಹಾಕುವ ಫಲಕಗಳ ಚಿತ್ರ. 'ಡೇಂಜರ್', 'ಸ್ಟಾಪ್'! ನನ್ನ ಹಳೆಯ ಗೆಳೆಯರೆಲ್ಲ ಸಾಲಾಗಿ ನಿಂತಿದ್ದರು. ಉಳಿದದ್ದನ್ನು ದೇವರ ಮೇಲೆ ಭಾರ ಹಾಕಿ ಗುರುತು ಮಾಡಿದೆ.

ಮಧ್ಯಾಹ್ನದ ಕೊರಿಯನ್ ಪತ್ರಿಕೆಯಲ್ಲಿ ನಾನು ಹುಲಿ. ಹುಟ್ಟಿದಾಗಿನಿಂದ ಆಡುತ್ತಿರುವ ಭಾಷೆ, ಅದಕ್ಕೆಂಥ ಓದು? ಎಲ್ಲರಿಗಿಂತ ಮೊದಲು ಬರೆದು ಕೊಟ್ಟು, ಅಂಗಳದಲ್ಲಿ ಕಾಲು ಚಾಚಿ ಕೂತು, ಹೊರಗೆ ಬಂದವರಿಗೆಲ್ಲ ಧೈರ್ಯ ಹೇಳಿದೆ.

ಫಲಿತಾಂಶದ ಸಂಜೆ ನಾಮ್ ಮೇಡಂ ಹೆಸರು ಕರೆದರು. ಮಾಲ್ಸುನ್ ಎರಡರಲ್ಲೂ ಪಾಸು! ಕ್ಲಾಸಿನ ಮುದುಕಿಯರೆಲ್ಲ ಬೆಂಚು ಬಡಿದರು. ಅವಳು ಎದ್ದುನಿಂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಕಣ್ಣು ಈ ಸಲ ನಿಜವಾಗಿಯೂ ಮಂಜಾಯಿತು.

"ತಾಕ್ ಗಿಲ್ಸು ಅವರು," ಎಂದರು ಮೇಡಂ, "ಇಂಗ್ಲಿಷಿನಲ್ಲಿ ಪಾಸು."

ನಾನು ಎದ್ದು ನಾಲ್ಕು ದಿಕ್ಕಿಗೂ ತಲೆಬಾಗಿದೆ.

"ಕೊರಿಯನ್‌ನಲ್ಲಿ ಫೇಲು."

ಬಾಗಿದ ತಲೆ ಬಾಗಿದಂತೆಯೇ ಉಳಿಯಿತು.

"ಅದು ಹೇಗೆ ಮೇಡಂ? ನನ್ನ ಸ್ವಂತ ಭಾಷೆ!"

ಮೇಡಂ ಸಂಕೋಚದಿಂದ ಹೇಳಿದರು: "ಹುಡುಗ ದಡದಲ್ಲಿ ಅಪ್ಪನ ದೋಣಿಗಾಗಿ ಕಾಯ್ತಿರೋ ಕತೆ ಕೊಟ್ಟಿದ್ವಲ್ಲ? ಹುಡುಗನ ಮನಸ್ಥಿತಿ ವಿವರಿಸಿ ಅಂತ ಪ್ರಶ್ನೆ. ನೀವು, 'ಗಾಳಿ ವಾಯವ್ಯದಿಂದ ಇದೆ, ಇಂಥ ದಿನ ಯಾವ ದೋಣಿಯೂ ಬರುವುದಿಲ್ಲ, ಹುಡುಗ ಮನೆಗೆ ಹೋಗಲಿ' ಅಂತ ಬರೆದಿದ್ದೀರಿ."

"ಅದು ಸರಿಯಲ್ವಾ?"

"ಸಮುದ್ರಕ್ಕೆ ಸರಿ ಸರ್. ಪರೀಕ್ಷೆಗಲ್ಲ. ಎಲ್ಲಾ ಉತ್ತರಾನೂ ಹಿಂಗೇ ಇದೆ."

ಮನೆ ಬಾಗಿಲಿಗೆ ಬರುತ್ತಲೇ ಘೋಷಿಸಿದೆ: "ಮುಂದಿನ ವರ್ಷದ ಮರುಪರೀಕ್ಷೆಗೆ ಕೂರಲ್ಲ. ಅಷ್ಟರೊಳಗೆ ತಯಾರಿ ಆಗಲ್ಲ."

"ನಿನ್ನ ಹೆಸರು ಕೊಟ್ಟು ಬಂದಿದ್ದೀನಿ," ಎಂದಳು ಮಾಲ್ಸುನ್.

ನಾನು ಕಿವಿ ಕೊಡವಿಕೊಂಡೆ. "ಏನಂದೆ? 'ನಿನ್ನ' ಅಂದ್ಯಾ? ಕಟ್ಟಿಕೊಂಡ ಗಂಡನಿಗೆ?"

"ನಾನೀಗ ಹೈಸ್ಕೂಲು. ನೀನು ಮಿಡ್ಲ್ ಸ್ಕೂಲು. ಸೀನಿಯರ್‌ಗೆ ಬಗ್ಗಿ ನಮಸ್ಕಾರ ಮಾಡಿ ಮಾತಾಡೋದು ಈ ದೇಶದ ಪದ್ಧತಿ."

"ನಿನಗಿಂತ ಆರು ವರ್ಷ ದೊಡ್ಡವನು ನಾನು!"

"ಅದು ಮನೇಲಿ. ಶಾಲೆ ವಿಷಯ ಬಂದ್ರೆ ನಾನೇ ಸೀನಿಯರ್. ಪುಸ್ತಕ ತೆಗಿ. ಮೊದಲ್ನೇ ಪಾಠದಿಂದ ಹೇಳಿಕೊಡ್ತೀನಿ."

ತೆಗೆದೆ. ತೆಗೆಯದೆ ಏನು ಮಾಡಲಿ? ಓದಿದರೆ ರಾತ್ರಿಗೆ ಹುರಿದ ಮೀನು ಎಂದು ಆಸೆ ಬೇರೆ ತೋರಿಸಿದ್ದಳು.

ಹೈಸ್ಕೂಲು ಆರಂಭವಾದ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಗೇಟಿನಲ್ಲಿ ಇಳಿದವಳೇ ಬ್ಯಾಗನ್ನು ನನ್ನ ಕೈಗಿಟ್ಟು, "ಹಿಡ್ಕೋ," ಎಂದಳು. ಮೆಟ್ಟಿಲು ಹತ್ತುವಾಗ ಅವಳ ಕಾಲು ಒಮ್ಮೆ ನಿಂತಿತು. "ಹತ್ತಿ, ಸೀನಿಯರ್," ಎಂದೆ ಹಿಂದಿನಿಂದ. ಹತ್ತಿದಳು. ಮೇಲಿನ ಮಹಡಿಯ ಬಾಗಿಲಲ್ಲಿ, ಒಳಗೆ ಆಗಲೇ ಕೂತಿದ್ದ ಬಿಳಿಗೂದಲಿನ ವಿದ್ಯಾರ್ಥಿನಿಯರೆಲ್ಲ ಒಟ್ಟಿಗೆ ತಲೆಯೆತ್ತಿ ನೋಡಿದರು. ಒಬ್ಬಾಕೆ ಕನ್ನಡಕ ಸರಿಪಡಿಸಿಕೊಂಡು, "ಬ್ಯಾಗ್ ಹಿಡ್ಕೊಂಡು ಬಂದಿದಾರಲ್ಲ, ಯಾರವರು?" ಎಂದು ಕೇಳಿದರು.

ಮಾಲ್ಸುನ್ ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು, ಬೆನ್ನು ತಟ್ಟಿ ಹೇಳಿದಳು:

"ನನ್ನ ಜೂನಿಯರ್. ಓದೋದ್ರಲ್ಲಿ ಸ್ವಲ್ಪ ಹಿಂದೆ. ಆದ್ರೆ ಹುಡುಗ ಒಳ್ಳೇವನು, ಮುಂದಿನ ವರ್ಷ ಮೇಲೆ ಬರ್ತಾನೆ."